ನಿಷ್ಠೆಯ ಗಡಸು, ದಯೆಯ ಹದ

ಧರ್ಮದಲ್ಲಿ ದೃಢನಾಗಿರತಕ್ಕವನು ಮನುಷ್ಯರಲ್ಲಿ ಕಠಿಣನಾಗಿರಲೇಬೇಕೆ? ಈ ಪ್ರಶ್ನೆಯು ಹೊಸದಲ್ಲ. ಸಂಸಾರದಲ್ಲಿದ್ದುಕೊಂಡು ಸತ್ಯವನ್ನು ನಡೆಸಬೇಕೆಂದು ಹೊರಟ ಪ್ರತಿಯೊಬ್ಬ ಗೃಹಸ್ಥನಿಗೂ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಮಗನು ಸುಳ್ಳಾಡಿದಾಗ, ಆಳು ಕದ್ದಾಗ, ಒಡಹುಟ್ಟಿದವನು ಮಾತಿಗೆ ತಪ್ಪಿದಾಗ, ಒಂದು ಮನಸ್ಸು “ಬಿಡಬೇಡ, ಬಿಟ್ಟರೆ ಧರ್ಮವು ಕೆಟ್ಟಿತು” ಎನ್ನುತ್ತದೆ. ಇನ್ನೊಂದು ಮನಸ್ಸು “ತಾಳು, ಮುರಿದುದು ಮತ್ತೆ ಕೂಡದು” ಎನ್ನುತ್ತದೆ. ಮೊದಲನೆಯ ಮಾತನ್ನು ಕೇಳಿದವನಿಗೆ ನಿಷ್ಠಾವಂತನೆಂಬ ಹೆಸರು ಬರುತ್ತದೆ. ಎರಡನೆಯದನ್ನು ಕೇಳಿದವನು ಮೆದು ಸ್ವಭಾವದವನೆಂದು ಎನಿಸಿಕೊಳ್ಳುತ್ತಾನೆ. ಇವೆರಡೂ ಒಂದೆಡೆ ನಿಲ್ಲಲಾರವೆಂದೇ ಬಹುಕಾಲ ನಾನೂ ನಂಬಿದ್ದೆನು. ಆ ನಂಬಿಕೆಯು ಸಡಿಲಿದ್ದು ಒಬ್ಬ ಕಮ್ಮಾರನ ಕುಲುಮೆಯ ಮುಂದೆ. ಅಲ್ಲಿ ಕಂಡುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ನನ್ನ ಮನೆಯ ಮಾತು. ನಮ್ಮದು ಕಾಳಿನ ವ್ಯಾಪಾರ. ತಂದೆಯವರು ಲಿಂಗೈಕ್ಯರಾದ ಮೇಲೆ ಅಂಗಡಿಯ ಭಾರವು ನನ್ನ ಮೇಲೆ ಬಿದ್ದಿತು. ತಮ್ಮನು ಲೆಕ್ಕ ಬರೆಯುತ್ತಿದ್ದನು. ಒಂದು ವರ್ಷ ಅವನು ತನ್ನ ಸಾಲ ತೀರಿಸಲು ಅಂಗಡಿಯ ಹಣವನ್ನು ತೆಗೆದುಕೊಂಡು ಪುಸ್ತಕದಲ್ಲಿ ಸುಳ್ಳು ಬಾಬತ್ತನ್ನು ಬರೆದನು. ಸಿಕ್ಕಿಬಿದ್ದಾಗ ಒಪ್ಪಿಕೊಂಡನು. ನಾನು ಒಪ್ಪಿಗೆಯನ್ನು ಕೇಳಿದೆನೇ ಹೊರತು ಬೇರೇನನ್ನೂ ಕೇಳಲಿಲ್ಲ. ಈ ಹೊಸ್ತಿಲನ್ನು ಮತ್ತೆ ತುಳಿಯಕೂಡದೆಂದು ಹೇಳಿದೆನು. ಒಂಬತ್ತು ವರ್ಷ ಅವನು ತುಳಿಯಲಿಲ್ಲ. ಬಂಧುಗಳು ನನ್ನನ್ನು ಸತ್ಯವಂತನೆಂದರು. ನಾನೂ ಹಾಗೆಂದೇ ತಿಳಿದುಕೊಂಡೆನು.

ಆ ಒಂಬತ್ತನೆಯ ವರ್ಷದಲ್ಲಿ ತೋಟದ ಕೆಲಸಕ್ಕಾಗಿ ಒಂದು ಕತ್ತಿಯನ್ನು ಮಾಡಿಸಲೆಂದು ನೆರೆಯೂರಿನ ಕಮ್ಮಾರನಲ್ಲಿಗೆ ಹೋದೆನು. ನಮ್ಮ ಕಡೆಯ ಕಮ್ಮಾರರು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಗಳಿಂದ ಮಚ್ಚು ಕುಡುಗೋಲುಗಳನ್ನು ಮಾಡುವುದುಂಟು. ಇವನು ಹಾಗೂ ಮಾಡುವನು. ಆದರೆ ಒಳ್ಳೆಯ ಚಾಕುಗಳಿಗೆ ಇಂಗಾಲದ ಪ್ರಮಾಣವನ್ನು ಅರಿತು ಕೊಂಡ ಹೊಸ ಉಕ್ಕಿನ ಪಟ್ಟಿಯನ್ನೇ ಬಳಸುವನು. ತಂದೆಯು ಕಾವಿನ ಬಣ್ಣವನ್ನು ಕಣ್ಣಿನಿಂದ ಅಳೆಯುವವನು. ಮಗನು ಸಣ್ಣದೊಂದು ವಿದ್ಯುತ್ ಕುಲುಮೆಯನ್ನೂ ಉಷ್ಣಮಾಪಕವನ್ನೂ ಇಟ್ಟುಕೊಂಡವನು. ಇಬ್ಬರೂ ಹೇಳುವ ಮಾತು ಮಾತ್ರ ಒಂದೇ ಆಗಿರುತ್ತಿತ್ತು.

ಉಕ್ಕೆಂಬುದು ಕಬ್ಬಿಣ ಮತ್ತು ಇಂಗಾಲಗಳ ಕೂಟ. ಕೈಯಿಂದ ಮಾಡುವ ಚಾಕುಗಳಿಗೆ ಸಾಮಾನ್ಯವಾಗಿ ನೂರರಲ್ಲಿ ಮುಕ್ಕಾಲು ಪಾಲಿನಿಂದ ಒಂದು ಪಾಲಿನವರೆಗೆ ಇಂಗಾಲವಿರುವ ಉಕ್ಕನ್ನು ಆರಿಸುತ್ತಾರೆ. ಇಷ್ಟು ಅಲ್ಪವಾದುದೇ ಕಬ್ಬಿಣದ ಸ್ವಭಾವವನ್ನು ಮಾರ್ಪಡಿಸುತ್ತದೆ. ಇಂಗಾಲವು ತೀರ ಕಡಮೆಯಿರುವ ಕಬ್ಬಿಣವನ್ನು ಎಷ್ಟು ಕಾಯಿಸಿ ಎಷ್ಟು ಸಲ ಅದ್ದಿದರೂ ಅದು ಗಡಸಾಗದು. ಇಂಗಾಲವಿರುವ ಉಕ್ಕಾದರೋ ಸುಮಾರು ೭೨೭ ಡಿಗ್ರಿ ಸೆಲ್ಸಿಯಸ್ ಕಾವನ್ನು ದಾಟುತ್ತಲೇ ತನ್ನೊಳಗಿನ ಅಣುಗಳ ಜೋಡಣೆಯನ್ನೇ ಬದಲಿಸಿಕೊಳ್ಳತೊಡಗಿ, ಇಂಗಾಲವನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಆಗ ಅದಕ್ಕೆ ಅಯಸ್ಕಾಂತವು ಅಂಟದು. ಕಮ್ಮಾರನ ಮಗನು ದಾರಕ್ಕೆ ಕಟ್ಟಿದ ಒಂದು ಅಯಸ್ಕಾಂತವನ್ನು ಕೆಂಪಗಾದ ಅಲಗಿನ ಬಳಿ ಹಿಡಿದು ಇದನ್ನು ನನಗೆ ತೋರಿಸಿದನು. ಅಲ್ಲಿಂದ ಇನ್ನೂ ತುಸು ಮೇಲಕ್ಕೆ, ಎಂದರೆ ೮೦೦ ಡಿಗ್ರಿಯ ಆಸುಪಾಸಿಗೆ ಏರಿಸಿ, ಕೆಲವು ನಿಮಿಷ ನಿಲ್ಲಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅಲಗನ್ನು ನೇರವಾಗಿ ಇಳಿಸುತ್ತಾರೆ. ಓರೆಯಾಗಿ ಇಳಿಸಿದರೆ ಒಂದು ಮಗ್ಗುಲು ಮೊದಲು ತಣಿದು ಅಲಗು ಸೊಟ್ಟಾಗುತ್ತದೆ.

ಇಂತಹ ಸಾದಾ ಇಂಗಾಲದ ಉಕ್ಕಿಗೆ ಈ ತಣಿಸುವಿಕೆಯು ಬಹು ಬೇಗನೆ ಆಗಬೇಕು. ಕೆಂಪು ಕಾವಿನಿಂದ ೫೪೦ ಡಿಗ್ರಿಯ ಕೆಳಕ್ಕೆ ಸುಮಾರು ಒಂದು ಸೆಕೆಂಡಿನೊಳಗೆ ಇಳಿಯಬೇಕೆಂದು ಬಲ್ಲವರು ಹೇಳುತ್ತಾರೆ. ನಿಧಾನವಾದರೆ ಕರಗಿದ್ದ ಇಂಗಾಲವು ಹೊರಬಿದ್ದು ಉಕ್ಕು ಮೊದಲಿನಂತೆ ಮೆತ್ತಗಾಗುತ್ತದೆ. ಬೇಗನೆ ತಣಿದರೆ ಇಂಗಾಲವು ಹೊರಬರಲು ವೇಳೆಯಿಲ್ಲದೆ ಒಳಗೇ ಸೆರೆಯಾಗುತ್ತದೆ. ಆ ಬಿಗುವೇ ಗಡಸುತನ. ಈ ಗಡಸು ರೂಪಕ್ಕೆ ಜರ್ಮನಿಯ ಲೋಹಶಾಸ್ತ್ರಜ್ಞನಾದ ಆಡಾಲ್ಫ್ ಮಾರ್ಟೆನ್ಸನ (೧೮೫೦–೧೯೧೪) ನೆನಪಿನಲ್ಲಿ ಮಾರ್ಟೆನ್ಸೈಟ್ ಎಂಬ ಹೆಸರಿದೆ. ಉಕ್ಕು ಒಂದು ನಿರ್ದಿಷ್ಟ ಕಾವಿನಲ್ಲಿಯೇ ಸ್ವಭಾವವನ್ನು ಬದಲಿಸುವುದೆಂಬುದನ್ನು ರಷ್ಯದ ದ್ಮಿತ್ರಿ ಚೆರ್ನೋವನು ೧೮೬೮ರಲ್ಲಿ ಶಾಸ್ತ್ರೀಯವಾಗಿ ತೋರಿಸಿಕೊಟ್ಟನು. ಅದಕ್ಕೆ ಬಹು ಮುಂಚಿನಿಂದಲೂ ಕುಲುಮೆಯ ಕತ್ತಲೆಯಲ್ಲಿ ಕುಳಿತವರ ಕಣ್ಣುಗಳಿಗೆ ಆ ಕಾವಿನ ಬಣ್ಣವು ತಿಳಿದಿದ್ದಿತು.

ಇನ್ನು ನಾನು ಕಣ್ಣಾರೆ ಕಂಡ ಸಂಗತಿ. ಕಮ್ಮಾರನು ಎಣ್ಣೆಯಿಂದ ಅಲಗನ್ನು ತೆಗೆದು, ಒರೆಸಿ, ಅದರ ಮೇಲೆ ಅರವನ್ನು ಆಡಿಸಿದನು. ಅರವು ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿತು. “ಗಡಸು ಚೆನ್ನಾಗಿ ಬಂದಿದೆ” ಎಂದು ಹೇಳಿ, ಅದನ್ನು ಮಣೆಯ ಅಂಚಿನಲ್ಲಿಟ್ಟು ನನ್ನೊಡನೆ ಮಾತಿಗೆ ನಿಂತನು. ಕೆಲಸ ಕಲಿಯುತ್ತಿದ್ದ ಹುಡುಗನ ಕೈ ತಗಲಿ ಅಲಗು ಕಲ್ಲುಹಾಸಿನ ಮೇಲೆ ಬಿದ್ದಿತು; ಬಿದ್ದೊಡನೆ ಎರಡು ತುಂಡಾಯಿತು. ಹುಡುಗನು ಬೆದರಿ ನಿಂತನು. ಕಮ್ಮಾರನು ಅವನನ್ನು ಬೈಯಲಿಲ್ಲ. ತುಂಡನ್ನು ಎತ್ತಿ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದನು. ಅದು ಬೂದುಬಣ್ಣದ ಮಖಮಲ್ಲಿನಂತೆ ನುಣುಪಾಗಿದ್ದಿತು. “ನೋಡಿರಿ, ಕಾವು ತಪ್ಪಿಲ್ಲ, ಉಕ್ಕು ಕೆಟ್ಟಿಲ್ಲ, ಗಡಸಿಗೆ ಕೊರತೆಯಿಲ್ಲ. ಹದ ಕೊಟ್ಟಿರಲಿಲ್ಲ, ಅಷ್ಟೆ. ತೆಗೆದ ಕೂಡಲೆ ಮತ್ತೆ ಕಾವಿಗಿಡಬೇಕಾಗಿತ್ತು. ಮಾತಿಗೆ ನಿಂತವನು ನಾನು; ಹುಡುಗನದೇನು ತಪ್ಪು?” ಎಂದನು.

ಈ ಮಾತು ನನ್ನನ್ನು ಆ ರಾತ್ರಿ ಮಲಗಗೊಡಲಿಲ್ಲ. ಅಲಗು ಮುರಿದುದು ಅದರಲ್ಲಿ ದೋಷವಿದ್ದುದರಿಂದಲ್ಲ. ಗಡಸಾಗುವುದರಲ್ಲಿ ಅದು ಸಂಪೂರ್ಣವಾಗಿದ್ದಿತು. ಗಡಸೊಂದೇ ಆಗಿ, ಇನ್ನೇನೂ ಆಗದೆ ಉಳಿದುದೇ ಅದರ ನಾಶಕ್ಕೆ ಕಾರಣವಾಯಿತು. ನಾನು ತಮ್ಮನಿಗೆ ಹೇಳಿದ ಮಾತಿನಲ್ಲಿಯೂ ಸುಳ್ಳಿರಲಿಲ್ಲ, ಅನ್ಯಾಯವಿರಲಿಲ್ಲ. ಅದರಲ್ಲಿ ನ್ಯಾಯದ ಹೊರತು ಮತ್ತೇನೂ ಇರಲಿಲ್ಲ.

ಹದ ಕೊಡುವುದೆಂದರೇನು? ಗಡಸಾದ ಅಲಗನ್ನು ತಡಮಾಡದೆ ಸುಮಾರು ೨೦೦ ಡಿಗ್ರಿಯ ಮೆಲುಗಾವಿನಲ್ಲಿ ಎರಡು ಗಂಟೆಯ ಕಾಲ ಇಟ್ಟು ಆರಿಸುವುದು. ಮತ್ತೊಮ್ಮೆ ಹಾಗೆಯೇ ಮಾಡುವುದು. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಆಗ ತೆಳುವಾದ ಹುಲ್ಲಿನ ಬಣ್ಣವು ಮೂಡುತ್ತದೆ. ಕಾವು ಏರಿದಂತೆ ಅದು ಕಂದಾಗಿ, ನೇರಳೆಯಾಗಿ, ಸುಮಾರು ೩೦೦ ಡಿಗ್ರಿಗೆ ನೀಲಿಯಾಗುತ್ತದೆ. ಒಳಗೆ ಸೆರೆಯಾಗಿದ್ದ ಇಂಗಾಲವು ತುಸುತುಸುವಾಗಿ ಬಿಡುಗಡೆ ಹೊಂದಿ ಬಿಗುವು ಇಳಿಯುತ್ತದೆ. ಗಡಸನ್ನು ಅಳೆಯುವುದಕ್ಕೆ ಅಮೆರಿಕದಲ್ಲಿ ೧೯೧೯ರಲ್ಲಿ ಹಕ್ಕುಪತ್ರ ಪಡೆದ ರಾಕ್‌ವೆಲ್ ಎಂಬ ಅಳತೆಯುಂಟು. ಎಣ್ಣೆಯಿಂದ ಆಗತಾನೆ ತೆಗೆದ ಅಲಗು ಆ ಅಳತೆಯಲ್ಲಿ ೬೫ರಷ್ಟಿದ್ದರೆ ಹದ ಕೊಟ್ಟ ಮೇಲೆ ಸುಮಾರು ೬೦ ಆಗುತ್ತದೆ. ಕಳೆದುಕೊಂಡುದು ಐದು ಅಂಶ. ಗಳಿಸಿದುದು ಪೆಟ್ಟನ್ನು ತಾಳುವ ಶಕ್ತಿ. ಆ ೬೦ರಲ್ಲಿಯೂ ಅಲಗು ಹರಿತವಾಗಿಯೇ ಇರುತ್ತದೆ, ಕತ್ತರಿಸುವ ಕೆಲಸವನ್ನು ಬಿಡುವುದಿಲ್ಲ. ದಯೆಯೆಂದರೆ ನಿಷ್ಠೆಯನ್ನು ಬಿಟ್ಟುಕೊಡುವುದೆಂದು ತಿಳಿದವರು ಈ ಲೆಕ್ಕವನ್ನು ಗಮನಿಸಬೇಕು. ದಯೆಯು ಕೇಳುವುದು ನಮ್ಮ ಧರ್ಮವನ್ನಲ್ಲ, ನಮ್ಮ ಬಿಗುವಿನ ಒಂದು ಸಣ್ಣ ಪಾಲನ್ನು.

ಇಲ್ಲಿ ಒಂದು ಆಕ್ಷೇಪವು ಬರಬಹುದು. “ಹಾಗಾದರೆ ಮೊದಲಿನಿಂದಲೇ ಮೆತ್ತಗಿರುವುದು ಮೇಲಲ್ಲವೆ? ಗಡಸು ಮಾಡಿ ಮತ್ತೆ ಇಳಿಸುವುದೇಕೆ?” ಎಂದು ಕೇಳುವವರಿದ್ದಾರೆ. ಇದಕ್ಕೂ ಕುಲುಮೆಯೇ ಉತ್ತರ ಕೊಡುತ್ತದೆ. ಗಡಸು ಮಾಡದ ಉಕ್ಕಿಗೆ ಹದ ಕೊಡಲು ಬರುವುದಿಲ್ಲ. ಇಳಿಸಲು ಅಲ್ಲಿ ಏನೂ ಇಲ್ಲ. ಅದು ಮುರಿಯುವುದಿಲ್ಲವೆಂಬುದು ನಿಜ. ಆದರೆ ಕತ್ತರಿಸುವುದೂ ಇಲ್ಲ, ಒಂದೇ ದಿನದಲ್ಲಿ ಮೊಂಡಾಗುತ್ತದೆ. ಹಾಗೆಯೇ ತಪ್ಪನ್ನು ತಪ್ಪೆಂದು ಹೇಳಲು ಅಂಜುವವನ ಸೌಮ್ಯತೆಯು ದಯೆಯಲ್ಲ, ಅದು ದಾಕ್ಷಿಣ್ಯ. ಮಗನ ಸುಳ್ಳನ್ನು ಕಂಡೂ ಕಾಣದಂತೆ ಇರುವ ತಂದೆಯು ಮಗನನ್ನು ಕ್ಷಮಿಸಿದವನಲ್ಲ, ತನ್ನ ನೆಮ್ಮದಿಯನ್ನು ಕಾಯ್ದುಕೊಂಡವನು. ಹದವೂ ಮಿತಿಮೀರಬಾರದು. ಹುಲ್ಲಿನ ಬಣ್ಣದಲ್ಲಿ ನಿಲ್ಲಬೇಕಾದ ಚಾಕುವನ್ನು ನೀಲಿಯವರೆಗೆ ಒಯ್ದರೆ ಅದು ಸ್ಪ್ರಿಂಗಿನಂತೆ ಬಾಗಬಲ್ಲದು, ಆದರೆ ಹರಿತವನ್ನು ಬಹುಕಾಲ ಹಿಡಿಯದು. ಆದುದರಿಂದ ಕ್ರಮವು ಇದು: ಮೊದಲು ದೃಢತೆ, ಅದರ ಬೆನ್ನಲ್ಲೇ ಮೃದುತ್ವ, ಆ ಮೃದುತ್ವಕ್ಕೂ ಒಂದು ಮಿತಿ. ನಮ್ಮ ಷಟ್‌ಸ್ಥಲದ ಮಾರ್ಗದಲ್ಲಿಯೂ ಮಹೇಶ್ವರನಿಗೆ ಹೇಳಿದ ನಿಷ್ಠೆಯು ಎರಡನೆಯ ಮೆಟ್ಟಿಲೇ ಹೊರತು ಕೊನೆಯದಲ್ಲ. ಅದಾದ ಕೂಡಲೆ ಬರುವುದು ಪ್ರಸಾದಿಯ ಅವಧಾನ. ನಿಷ್ಠೆಯಲ್ಲಿಯೇ ನಿಂತುಬಿಟ್ಟವನು ದಾರಿಯ ನಡುವೆ ನಿಂತವನು.

ಇನ್ನೊಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕಾಗಿದೆ. ಬೆಂಕಿಯಲ್ಲಿ ಬೆಂದರೆ ಚಿನ್ನ, ಪೆಟ್ಟು ತಿಂದರೆ ಉಕ್ಕು ಎಂದು ಹೇಳಿಕೊಂಡು ಮಕ್ಕಳನ್ನೂ ಸೊಸೆಯರನ್ನೂ ಕೈಕೆಳಗಿನವರನ್ನೂ ನೋಯಿಸುವ ಹಿರಿಯರುಂಟು. ಅವರು ಕುಲುಮೆಯನ್ನು ಅರ್ಧ ಮಾತ್ರ ನೋಡಿದವರು. ಕಾವು ಹೆಚ್ಚಿದಷ್ಟೂ ಉಕ್ಕು ಉತ್ತಮವಾಗುವುದಿಲ್ಲ. ೮೦೦ರಲ್ಲಿ ನಿಲ್ಲಿಸಬೇಕಾದುದನ್ನು ಸಾವಿರದ ಕಡೆಗೆ ಏರಿಸಿದರೆ ಉಕ್ಕಿನ ಒಳಗಿನ ಕಣಗಳು ದಪ್ಪವಾಗುತ್ತವೆ. ಹೊರಗೆ ಏನೂ ತಿಳಿಯದು. ಅರವು ಮೊದಲಿನಂತೆಯೇ ಜಾರುತ್ತದೆ. ಮುರಿದು ನೋಡಿದರೆ ಒಳಗೆ ಸಕ್ಕರೆಯ ಹರಳಿನಂತೆ ಒರಟು. ಇಂತಹ ಅಲಗು ಬಹು ಬೇಗ ಬಿರಿಯುತ್ತದೆ. ಕಮ್ಮಾರನಿಗೆ ಇದು ತಿಳಿದರೆ ಅವನು ಅದನ್ನು ಮತ್ತೆ ಹಿತವಾಗಿ ಕಾಯಿಸಿ, ಎಣ್ಣೆಗೆ ಅದ್ದದೆ ಬರಿಯ ಗಾಳಿಯಲ್ಲಿ ಆರಲು ಬಿಡುತ್ತಾನೆ. ಮೂರು ಸಲ ಹೀಗೆ ಮಾಡಿದರೆ ಕಣಗಳು ಸಣ್ಣವಾಗುತ್ತವೆ. ಕಿಡಿ ಹಾರುವಷ್ಟು ಸುಟ್ಟುಹೋದುದಕ್ಕೆ ಮಾತ್ರ ಯಾವ ಉಪಾಯವೂ ಇಲ್ಲ. ಆಗ ದೂರು ಯಾರ ಮೇಲೆ? ಉಕ್ಕಿನ ಮೇಲಲ್ಲ, ಇಕ್ಕುಳವನ್ನು ಹಿಡಿದವನ ಮೇಲೆ. ನೊಂದವರೆಲ್ಲರೂ ನೋವಿನಿಂದ ಗಟ್ಟಿಯಾದರೆಂದು ನಾವು ಹೇಳುವುದು ಎಷ್ಟೋ ಸಲ ನಮ್ಮ ತಪ್ಪನ್ನು ಮುಚ್ಚಿಕೊಳ್ಳುವ ಮಾತಾಗಿರುತ್ತದೆ.

ಎಲ್ಲ ಉಕ್ಕಿಗೂ ಒಂದೇ ಉಪಚಾರವು ಸಲ್ಲದೆಂಬುದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ. ಕ್ರಿ.ಶ. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಇಲ್ಲಿಯ ಜನರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿ ಗಿಡದ ಕಡ್ಡಿಯನ್ನೂ ಹಸಿಯೆಲೆಗಳನ್ನೂ ಇಟ್ಟು ಮುಚ್ಚಿ, ಕಾಯಿಸಿ, ಉಕ್ಕನ್ನು ಪಡೆಯುತ್ತಿದ್ದ ಬಗೆಯನ್ನು ಬಣ್ಣಿಸಿದ್ದಾನೆ. ದಕ್ಷಿಣದೇಶದ ಈ ಉಕ್ಕು ಯುರೋಪಿನಲ್ಲಿ ‘ವೂಟ್ಜ್’ ಎಂದು ಹೆಸರಾಯಿತು. ೧೭೯೫ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬವನು ಅದರ ಮೇಲೆ ಲೇಖನವನ್ನು ಮಂಡಿಸಿದನು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅದರಲ್ಲಿ ಇಂಗಾಲವು ನೂರರಲ್ಲಿ ಒಂದೂವರೆ ಪಾಲಿನಷ್ಟು ಇರುತ್ತಿತ್ತು. ಅಲ್ಲಿಯ ಕಮ್ಮಾರರು ತಮ್ಮ ಕಬ್ಬಿಣಕ್ಕೆ ಕೊಡುತ್ತಿದ್ದ ಬಿಳಿಗಾವನ್ನೇ ಇದಕ್ಕೂ ಕೊಟ್ಟು ಬಡಿದಾಗ ಅದು ಸುತ್ತಿಗೆಯ ಕೆಳಗೆ ಪುಡಿಯಾಯಿತು. ಲೋಹವು ಕೆಟ್ಟದೆಂದು ಕೆಲವರು ತಿಳಿದರು. ಅದು ಉತ್ತಮ ಲೋಹವೇ ಆಗಿದ್ದಿತು. ಅದರ ಸ್ವಭಾವವನ್ನು ಅರಿಯದೆ ಬಡಿದರು, ಅಷ್ಟೆ. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರು ಮಕ್ಕಳಿಗೆ ಒಂದೇ ಬಗೆಯ ಶಿಕ್ಷೆಯನ್ನು ಕೊಟ್ಟು, ಒಬ್ಬನು ತಿದ್ದಿಕೊಂಡನು, ಇನ್ನೊಬ್ಬನು ಕೆಟ್ಟನು ಎಂದು ಹೇಳುವ ನಾವು ಈ ಮಾತನ್ನು ಮರೆಯಬಾರದು.

ಕೊನೆಯದಾಗಿ, ಹದದ ವಿಷಯದಲ್ಲಿ ಕಾಯಕದ ಒಂದು ಗುಟ್ಟೂ ಇದೆ. ಸಾಣೆ ಹಿಡಿದು, ಹಿಡಿ ಹಾಕಿ, ಹೊಳಪಿಟ್ಟು ಮಾರಲು ಇಟ್ಟ ಎರಡು ಚಾಕುಗಳಲ್ಲಿ ಯಾವುದಕ್ಕೆ ಸರಿಯಾದ ಹದವುಂಟು, ಯಾವುದಕ್ಕಿಲ್ಲ ಎಂಬುದನ್ನು ಕೊಳ್ಳುವವನು ಕಾಣಲಾರನು. ಸಾಣೆಯು ಬಣ್ಣವನ್ನು ಅಳಿಸಿರುತ್ತದೆ. ನಾಲ್ಕು ಗಂಟೆಯ ಮೆಲುಗಾವನ್ನು ಉಳಿಸಿಕೊಂಡ ಕಮ್ಮಾರನನ್ನು ಪೇಟೆಯಲ್ಲಿ ಯಾರೂ ಹಿಡಿಯಲಾರರು. ಎಂದೋ ಒಂದು ದಿನ, ಯಾರದೋ ಕೈಯಲ್ಲಿ, ಗಂಟುಮರವನ್ನು ಕಡಿಯುವಾಗ ಆ ಲೋಪವು ಹೊರಬೀಳುತ್ತದೆ. ಅಂದು ಗಾಯವಾಗುವುದು ಮಾಡಿದವನಿಗಲ್ಲ. ಕಾಣದ ಕಡೆಯಲ್ಲಿಯೂ ಶುದ್ಧವಾಗಿರುವ ಕಾಯಕವೇ ಕಾಯಕವೆಂದು ಶರಣರು ತಿಳಿದುದು ಇದಕ್ಕಾಗಿ. ಮನುಷ್ಯನ ದಯೆಯೂ ಹೀಗೆಯೇ ಕಾಣದ ವಸ್ತು. ನಾಲ್ವರ ಮುಂದೆ ನನ್ನ ನ್ಯಾಯವು ಹೊಳೆಯುತ್ತಿದ್ದಿತು; ಅದಕ್ಕೆ ಹದವಿಲ್ಲವೆಂಬುದನ್ನು ಅನುಭವಿಸಿದವಳು ನನ್ನ ತಾಯಿ ಮಾತ್ರ.

ತಾಯಿಯು ಆ ಒಂಬತ್ತು ವರ್ಷದ ನಡುವೆ ಲಿಂಗೈಕ್ಯಳಾದಳು. ತಮ್ಮನು ಬಂದು ಸಮಾಧಿಗೆ ಮಣ್ಣು ಹಾಕಿ, ಮನೆಯ ಕಡೆಗೆ ಮುಖ ತಿರುಗಿಸದೆ ಹೋದನು. ಅವಳು ಒಮ್ಮೆಯೂ ನನ್ನನ್ನು ಬಿಡು ಎಂದು ಕೇಳಿರಲಿಲ್ಲ. ಊಟದ ಹೊತ್ತಿನಲ್ಲಿ ಒಂದು ಮಣೆಯನ್ನು ಹೆಚ್ಚಿಗೆ ಹಾಕಿ, ಆಮೇಲೆ ತಾನೇ ತೆಗೆದಿಡುತ್ತಿದ್ದಳು. ಅದನ್ನು ನಾನು ಮುಪ್ಪಿನ ಮರವೆಯೆಂದು ತಿಳಿದಿದ್ದೆನು.

ಕುಲುಮೆಯಿಂದ ಬಂದ ಮರುದಿನ ತಮ್ಮನಿಗೆ ಕಾಗದ ಬರೆದೆನು. ಬಂದನು. ಲೆಕ್ಕದ ಪುಸ್ತಕವನ್ನು ನಾನು ಮುಚ್ಚಿಡಲಿಲ್ಲ, ಅವನೂ ಮುಚ್ಚಿಡೆನ್ನಲಿಲ್ಲ. ತೆಗೆದುಕೊಂಡ ಹಣವನ್ನು ಸುಗ್ಗಿಯಿಂದ ಸುಗ್ಗಿಗೆ ಕಂತಿನಲ್ಲಿ ಕೊಡುತ್ತಿದ್ದಾನೆ. ನಾನು ಪ್ರತಿ ಕಂತಿಗೂ ರಸೀದಿ ಬರೆದುಕೊಡುತ್ತಿದ್ದೇನೆ. ಸುಳ್ಳು ಸುಳ್ಳಾಗಿಯೇ ಉಳಿದಿದೆ, ಸಾಲ ಸಾಲವಾಗಿಯೇ ಉಳಿದಿದೆ; ಬಾಗಿಲು ಮಾತ್ರ ತೆರೆದಿದೆ. ಇಷ್ಟನ್ನು ಮಾಡಲು ನನ್ನ ಧರ್ಮದಲ್ಲಿ ಎಷ್ಟು ಕಡಮೆಯಾಯಿತೆಂದು ಹುಡುಕಿ ನೋಡಿದ್ದೇನೆ. ಕಡಮೆಯಾದುದು ಕಾಣುತ್ತಿಲ್ಲ.

ಆದರೂ ಮುರಿದ ಅಲಗಿಗೆ ಹದ ಕೊಟ್ಟರೆ ಅದು ಕೂಡುವುದಿಲ್ಲ. ಗಡಸು ಮಾಡಿದ ಕೂಡಲೆ, ಮಾತಿಗೆ ನಿಲ್ಲದೆ, ಮೆಲುಗಾವಿಗೆ ಇಡಬೇಕೆಂದು ಕಮ್ಮಾರನು ಹೇಳಿದುದರ ಅರ್ಥವು ಇದೇ. ಮನೆಯಲ್ಲಿ ಯಾರನ್ನಾದರೂ ನ್ಯಾಯವಾಗಿಯೇ ಗದರಿಸಿದ ಸದ್ಭಕ್ತರು ಆ ರಾತ್ರಿಯ ಊಟಕ್ಕೆ ಅವರನ್ನು ತಾವೇ ಕರೆಯಲಿ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಪಕ್ಕದಲ್ಲಿ ಮಣೆ ಹಾಕಿದರೆ ಸಾಕು.